ಪ್ರಾದೇಶಿಕ ಭಕ್ಷ್ಯಗಳು

ಒಂದು ನಾಡಿನ ನೆಲ, ಜಲ, ಹವೆ, ಸೌದೆ ಮತ್ತು ಆಚಾರಗಳ ಎಲ್ಲೆಯೊಳಗೆ, ಅಲ್ಲಿ ದೊರೆಯುವ ಧಾನ್ಯ, ಗೆಡ್ಡೆ, ಮೀನು, ಮಾಂಸ, ಹಾಲುಗಳನ್ನು ಆಧಾರವಾಗಿಟ್ಟುಕೊಂಡು, ಜನಸಮುದಾಯವೊಂದು ಅನೇಕ ತಲೆಮಾರುಗಳ ಅನುಭವದಿಂದ ರೂಪಿಸಿಕೊಂಡ ಆಹಾರವಿಶೇಷಗಳಿಗೆ ಪ್ರಾದೇಶಿಕ ಭಕ್ಷ್ಯಗಳೆಂಬ ಹೆಸರು ಸಲ್ಲುತ್ತದೆ. ಇವುಗಳನ್ನು ರುಚಿವೈಚಿತ್ರ್ಯದ ದೃಷ್ಟಿಯಿಂದ ವರ್ಣಿಸುವುದು ವಾಡಿಕೆ. ಆದರೆ ಯಾವುದೇ ಪ್ರದೇಶದ ಪ್ರಧಾನ ಆಹಾರದ ಮೂಲವನ್ನು ಅರಸುತ್ತ ಹೋದರೆ ರುಚಿಗಿಂತ ಮೊದಲು ಎದುರಾಗುವುದು ಒಂದು ಕಷ್ಟ: ಧಾನ್ಯದ ಸಿಪ್ಪೆ ಬಿಡುವುದಿಲ್ಲ, ಗೆಡ್ಡೆಯಲ್ಲಿ ವಿಷವಿದೆ, ಮೀನು ಹಿಡಿದ ಮರುದಿನವೇ ಕೆಡುತ್ತದೆ, ಚಳಿಗಾಲದ ಐದಾರು ತಿಂಗಳು ಹಸಿರೆಂಬುದೇ ಇಲ್ಲ, ಒಲೆಗೆ ಸೌದೆಯಿಲ್ಲ. ಈ ಕಷ್ಟಕ್ಕೆ ಜನರು ಕಂಡುಕೊಂಡ ಉಪಾಯವೇ ಕ್ರಮೇಣ ಪಾಕವಿಧಾನವಾಗಿ, ಆ ಪಾಕವೇ ಅಭ್ಯಾಸಬಲದಿಂದ ರುಚಿಯ ಪ್ರಮಾಣವಾಗಿ ನೆಲೆಗೊಂಡಿತು. ಪ್ರಪಂಚದ ಬೆಳೆಗಳು 15ನೆಯ ಶತಮಾನದ ಅಂತ್ಯದಿಂದ ಹಡಗುಗಳನ್ನೇರಿ ಖಂಡದಿಂದ ಖಂಡಕ್ಕೆ ಹೋದವು. ಆದರೆ ಅವುಗಳನ್ನು ಆಹಾರವನ್ನಾಗಿ ಮಾಡುವ ತಿಳಿವಳಿಕೆ ಎಷ್ಟೋ ವೇಳೆ ಹಿಂದೆಯೇ ಉಳಿಯಿತು. ಹಾಗೆ ಉಳಿದೆಡೆಗಳಲ್ಲಿ ಜನರು ತೆತ್ತ ಬೆಲೆಯನ್ನು ನೋಡಿದರೆ ಈ ವಿಧಾನಗಳ ಘನತೆ ಮನವರಿಕೆಯಾಗುತ್ತದೆ.

ಇದಕ್ಕೆ ಮೆಕ್ಕೆಜೋಳಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಇನ್ನೊಂದಿಲ್ಲ. ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಟೆಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಕೃಷಿಗೆ ಬಂದ ಈ ಧಾನ್ಯವನ್ನು ಅಲ್ಲಿಯ ಜನರು ಹಾಗೆಯೇ ಬೀಸಿ ಹಿಟ್ಟುಮಾಡಿಕೊಳ್ಳುವುದಿಲ್ಲ. ಒಣಗಿದ ಕಾಳನ್ನು ಸುಣ್ಣ ಕದಡಿದ ನೀರಿನಲ್ಲಿ ಕುದಿಸಿ, ಇರುಳೆಲ್ಲ ಅದರಲ್ಲಿಯೇ ನೆನೆಯಲು ಬಿಟ್ಟು, ಬೆಳಗ್ಗೆ ತೊಳೆದು, ಸಡಿಲಗೊಂಡ ಸಿಪ್ಪೆಯನ್ನು ಉಜ್ಜಿ ತೆಗೆದು, ಒದ್ದೆಯಾಗಿರುವಾಗಲೇ ಮೆಟಾಟೆ ಎಂಬ ಇಳಿಜಾರಾದ ಕಲ್ಲಿನ ಮೇಲೆ ಅರೆಯುತ್ತಾರೆ. ಹೀಗೆ ಸಂಸ್ಕಾರಗೊಂಡ ಕಾಳಿಗೆ ನಿಶ್ಟಮಾಲ್ ಎಂದೂ, ಅರೆದ ಮುದ್ದೆಗೆ ಮಾಸಾ ಎಂದೂ ಹೆಸರು. ಸುಣ್ಣದ ಸಂಸ್ಕಾರವಿಲ್ಲದ ಮೆಕ್ಕೆಜೋಳದ ಹಿಟ್ಟು ನೀರು ಬೆರೆಸಿದರೂ ಅಂಟಿಕೊಳ್ಳದೆ ಬಿರಿಯುತ್ತದೆ. ಸಂಸ್ಕಾರಗೊಂಡದ್ದು ತೆಳ್ಳಗೆ ತಟ್ಟುವುದಕ್ಕೆ ಒದಗುತ್ತದೆ. ಅದನ್ನು ತಟ್ಟಿ ಕೊಮಾಲ್ ಎಂಬ ಹೆಂಚಿನ ಮೇಲೆ ಬೇಯಿಸಿದರೆ ಟೋರ್ಟಿಯಾ. ಕೊಬ್ಬು ಬೆರೆಸಿ, ಒಳಗೆ ಮಾಂಸವನ್ನೋ ಹುರುಳಿಕಾಯಿಯ ಕಾಳನ್ನೋ ಮೆಣಸಿನಕಾಯಿಯ ಗೊಜ್ಜನ್ನೋ ಇಟ್ಟು, ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ತಮಾಲೆ. ನೀರಿನಲ್ಲಿ ಕದಡಿ ಕುದಿಸಿದರೆ ಅತೋಲೆ ಎಂಬ ಗಂಜಿ. ಒಂದೇ ಸುಣ್ಣದ ನೀರಿನಿಂದ ಇಡಿಯ ಒಂದು ಜನಾಂಗದ ಅಡುಗೆ ಹೊರಟಿದೆಯೆಂದರೆ ಅತಿಶಯೋಕ್ತಿಯಾಗದು.

ಈ ಸುಣ್ಣದ ಕಾರ್ಯ ಸಿಪ್ಪೆ ಬಿಡಿಸುವಲ್ಲಿಗೆ ಮುಗಿಯುವುದಿಲ್ಲವೆಂಬುದು ಪ್ರಪಂಚಕ್ಕೆ ತಿಳಿದುದು ಬಹಳ ತಡವಾಗಿ, ಬಹಳ ನೋವಿನ ಮೂಲಕ. ಸ್ಪೇನಿನವರು ಕಾಳನ್ನು ಯೂರೋಪಿಗೆ ಒಯ್ದರು, ಸುಣ್ಣವನ್ನು ಒಯ್ಯಲಿಲ್ಲ. ಅಲ್ಲಿ ಗಿರಣಿಗಳಿದ್ದುದರಿಂದ ಸಿಪ್ಪೆಯನ್ನು ಸಡಿಲಿಸುವ ಅಗತ್ಯವೇ ಯಾರಿಗೂ ತೋರಲಿಲ್ಲ. ಉತ್ತರ ಇಟಲಿಯ ರೈತರು ಹಿಂದೆ ಸಿರಿಧಾನ್ಯಗಳಿಂದ ಮಾಡುತ್ತಿದ್ದ ಪೊಲೆಂಟಾ ಎಂಬ ಗಟ್ಟಿಗಂಜಿಯನ್ನು ಈ ಹೊಸ ಹಳದಿ ಹಿಟ್ಟಿನಿಂದ ಮಾಡತೊಡಗಿ, ಬಡತನ ಹೆಚ್ಚಿದಂತೆ ಮೂರು ಹೊತ್ತೂ ಅದನ್ನೇ ಉಣ್ಣುವವರಾದರು. 1735ರಲ್ಲಿ ಗಾಸ್ಪಾರ್ ಕಾಸಾಲ್ ಎಂಬ ವೈದ್ಯನು ಸ್ಪೇನಿನ ಅಸ್ತೂರಿಯಾಸ್ ಪ್ರಾಂತದ ಬಡವರಲ್ಲಿ ಚರ್ಮ ಕೆಂಪಾಗಿ ಬಿರಿಯುವ, ಭೇದಿಯಿಂದ ದೇಹವೂ ಭ್ರಮೆಯಿಂದ ಬುದ್ಧಿಯೂ ಕ್ಷಯಿಸುವ ರೋಗವೊಂದನ್ನು ಗುರುತಿಸಿದನು. 1771ರಲ್ಲಿ ಮಿಲಾನಿನ ಫ್ರಾಂಚೆಸ್ಕೋ ಫ್ರಪೊಲ್ಲಿ ಅದನ್ನು ಪೆಲಾಗ್ರ ಎಂದು ಕರೆದನು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಈ ವ್ಯಾಧಿ ಹಬ್ಬಿದಾಗ 1914ರಲ್ಲಿ ಸರ್ಕಾರವು ಕಳುಹಿಸಿದ ಜೋಸೆಫ್ ಗೋಲ್ಡ್‌ಬರ್ಗರ್, ಅನಾಥಾಲಯಗಳ ಮಕ್ಕಳಿಗೆ ಹಾಲು ಮಾಂಸಗಳನ್ನು ಕೊಡಿಸಿ, ಇದು ಅಂಟುಜಾಡ್ಯವಲ್ಲ, ಆಹಾರದೋಷವೆಂದು ಸಿದ್ಧಪಡಿಸಿದನು. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ನಡೆಸಿದ ಶೋಧನೆಯಿಂದ ನಯಾಸಿನ್ ಎಂಬ ಜೀವಸತ್ತ್ವದ ಕೊರತೆಯೇ ಕಾರಣವೆಂಬುದು ಸ್ಥಿರವಾಯಿತು. ಮೆಕ್ಕೆಜೋಳದಲ್ಲಿ ಈ ಜೀವಸತ್ತ್ವವಿದ್ದರೂ ದೇಹಕ್ಕೆ ದಕ್ಕದಂತೆ ಬಂಧಿತವಾಗಿರುತ್ತದೆ. ಕ್ಷಾರದಲ್ಲಿ ಬೇಯಿಸಿದಾಗ ಬಿಡುಗಡೆ ಹೊಂದುತ್ತದೆ. ಮೆಕ್ಸಿಕೋದ ಹೆಂಗಸರು ಪ್ರತಿರಾತ್ರಿಯೂ ಮಡಕೆಗೆ ಹಾಕುತ್ತಿದ್ದ ಹಿಡಿ ಸುಣ್ಣದಲ್ಲಿ ಇನ್ನೂರು ವರ್ಷಗಳ ಕಾಲ ಯೂರೋಪಿನ ವೈದ್ಯರು ಅರಸುತ್ತಿದ್ದ ಔಷಧವಿತ್ತು.

ಈ ಪ್ರಸಂಗವು ಕನ್ನಡನಾಡಿಗೂ ತೀರ ದೂರದ್ದಲ್ಲ. ಜೋಳವನ್ನೇ ಬಹುಪಾಲು ಉಣ್ಣುವ ದಖ್ಖಣದ ಬಡವರಲ್ಲಿಯೂ ಪೆಲಾಗ್ರ ಕಾಣಿಸಿಕೊಳ್ಳುವುದುಂಟೆಂದು ಹೈದರಾಬಾದಿನ ಪೌಷ್ಟಿಕಾಹಾರ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಸುಮಾರಿಗೆ ತೋರಿಸಿಕೊಟ್ಟರು. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಮಗ್ಗುಲಿಗೆ ಕಾಳುಪಲ್ಯ, ಶೇಂಗಾಹಿಂಡಿ, ಮೊಸರುಗಳು ತಪ್ಪದೆ ಇರುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಶೇಂಗಾದಲ್ಲಿ ನಯಾಸಿನ್ ಸಮೃದ್ಧವಾಗಿದೆ. ಆಫ್ರಿಕದಿಂದ ಬಂದ ಧಾನ್ಯದ ಕೊರತೆಯನ್ನು ದಕ್ಷಿಣ ಅಮೆರಿಕದಿಂದ ಬಂದ ಕಾಳು ತುಂಬುತ್ತಿರುವ ಈ ತಾಟು ಅದೆಷ್ಟು ಸಮುದ್ರಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ! ರೊಟ್ಟಿಯಷ್ಟೇ ಉಳಿದು ಪಕ್ಕದ ಪದಾರ್ಥಗಳು ಬಡತನದಿಂದ ಮಾಯವಾದಾಗ ವ್ಯಾಧಿ ತಲೆಹಾಕುತ್ತದೆ.

ಆಂಡೀಸ್ ಪರ್ವತಗಳಲ್ಲಿ ಕಷ್ಟದ ಸ್ವರೂಪ ಬೇರೆ. ಸಮುದ್ರಮಟ್ಟದಿಂದ 3,800 ಮೀಟರುಗಳಷ್ಟು ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ಸುತ್ತಣ ಪ್ರಸ್ಥಭೂಮಿಯಲ್ಲಿ ಹಗಲು ಬಿಸಿಲು ಪ್ರಖರವಾಗಿಯೂ ಇರುಳು ಹಿಮಗಟ್ಟುವಂತೆಯೂ ಇರುತ್ತದೆ. ಆಲೂಗಡ್ಡೆಯ ತವರು ಈ ಸೀಮೆ. ಹಿಮವನ್ನು ತಡೆದು ಬೆಳೆಯುವ ಆಲೂಗಡ್ಡೆಯ ಜಾತಿಗಳು ಕಹಿಯಾಗಿ, ವಿಷಯುಕ್ತವಾಗಿರುತ್ತವೆ; ಸಿಹಿಯಾದ ಜಾತಿಗಳೂ ಕೆಲವು ತಿಂಗಳುಗಳಲ್ಲಿ ಕೊಳೆಯುತ್ತವೆ. ಬೆಳೆಗೆ ಪರಮಶತ್ರುವಾದ ಆ ಹಿಮವನ್ನೇ ಅಲ್ಲಿಯ ಕೆಚುವಾ ಮತ್ತು ಐಮಾರಾ ಜನರು ಸೇವೆಗೆ ಹಚ್ಚಿಕೊಂಡರು. ಜೂನ್ ಜುಲೈ ತಿಂಗಳುಗಳ ಕಡುಚಳಿಯ ರಾತ್ರಿಗಳಲ್ಲಿ ಗೆಡ್ಡೆಗಳನ್ನು ಬಯಲಿನಲ್ಲಿ ಹರವಿ ಹೆಪ್ಪುಗಟ್ಟಿಸಿ, ಹಗಲು ಕರಗಿದೊಡನೆ ಬರಿಗಾಲಿನಿಂದ ತುಳಿದು ನೀರನ್ನು ಹೊರಹಿಂಡಿ, ಹೀಗೆ ಹಲವು ದಿನ ಮಾಡಿ ಒಣಗಿಸಿದರೆ ಚೂನ್ಯೋ ಎಂಬ, ಕಲ್ಲಿನಂತೆ ಗಟ್ಟಿಯೂ ಹಗುರವೂ ಆದ ಪದಾರ್ಥ ಸಿದ್ಧವಾಗುತ್ತದೆ. ಹರಿಯುವ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಕಹಿಯನ್ನು ತೊಳೆದು ಒಣಗಿಸಿದ ಬಿಳಿಯ ಬಗೆಗೆ ತುಂತಾ ಎಂದು ಹೆಸರು. ವರ್ಷಾನುಗಟ್ಟಲೆ ಕೆಡದ ಚೂನ್ಯೋ ಇಂಕಾ ಸಾಮ್ರಾಜ್ಯದ ಉಗ್ರಾಣಗಳನ್ನು ತುಂಬಿತ್ತು. 1545ರ ತರುವಾಯ ಪೊಟೊಸಿಯ ಬೆಳ್ಳಿಗಣಿಗಳಲ್ಲಿ ದುಡಿದ ಕೂಲಿಗಳ ಹೊಟ್ಟೆಗೂ ಅದೇ ಆಧಾರವಾಯಿತು. ಇಂದಿಗೂ ಅದನ್ನು ನೆನೆಸಿ, ಮಾಂಸದ ಸಾರಿನಲ್ಲಿ ಬೇಯಿಸಿಯೋ ಗಿಣ್ಣದೊಡನೆಯೋ ಉಣ್ಣುತ್ತಾರೆ. ಯೂರೋಪಿಗೆ ಹೋದ ಆಲೂಗಡ್ಡೆಯಾದರೋ ಆಂಡೀಸಿನ ಸಾವಿರಾರು ತಳಿಗಳಲ್ಲಿ ಕೆಲವೇ ಆಗಿದ್ದು, 1845ರಲ್ಲಿ ಅಂಗಮಾರಿ ತಗಲಿದಾಗ ಐರ್ಲೆಂಡಿನ ಬಡವರ ಬಳಿ ಬೇರೆ ತಳಿಯೂ ಇರಲಿಲ್ಲ, ಹಿಂದಿನ ವರ್ಷಗಳ ಸಂಗ್ರಹವೂ ಇರಲಿಲ್ಲ. ಆ ಕ್ಷಾಮದಲ್ಲಿ ಸತ್ತವರು ಸುಮಾರು ಹತ್ತು ಲಕ್ಷ ಮಂದಿ. ರಾಜಕೀಯ ಅನ್ಯಾಯವೂ ಅದಕ್ಕೆ ಸಮಪಾಲು ಹೊಣೆಯೆಂಬುದನ್ನು ಇಲ್ಲಿಯೇ ಹೇಳಬೇಕು.

ಉತ್ತರ ಧ್ರುವಪ್ರದೇಶದ ಸಮೀಪದಲ್ಲಿಯೂ ಚಳಿಯೇ ಅಡುಗೆಯವನು. ನಾರ್ವೆಯ ಲೋಫೋಟೆನ್ ದ್ವೀಪಗಳಿಗೆ ಜನವರಿಯಿಂದ ಏಪ್ರಿಲಿನವರೆಗೆ ಮೊಟ್ಟೆಯಿಡಲು ಬರುವ ಕಾಡ್ ಮೀನುಗಳನ್ನು, ಉಪ್ಪನ್ನೂ ಮುಟ್ಟಿಸದೆ, ಜೋಡಿಜೋಡಿಯಾಗಿ ಬಾಲ ಕಟ್ಟಿ ಮರದ ಅಟ್ಟಣೆಗಳ ಮೇಲೆ ತೂಗುಹಾಕುತ್ತಾರೆ. ಆ ಕಾಲದಲ್ಲಿ ಅಲ್ಲಿಯ ಉಷ್ಣತೆ ಹೆಪ್ಪುಗಟ್ಟುವ ಬಿಂದುವಿನ ಆಚೀಚೆ ಸುಳಿದಾಡುವುದರಿಂದ ಮೀನು ಕೊಳೆಯುವುದೂ ಇಲ್ಲ, ನೊಣ ಮುತ್ತುವುದೂ ಇಲ್ಲ. ಕಡಲಗಾಳಿಗೆ ಒಣಗಿ ಮರದ ಹಲಗೆಯಂತಾಗುತ್ತದೆ. ವೆನಿಸಿನ ವರ್ತಕ ಪಿಯೆತ್ರೋ ಕ್ವೆರೀನಿ 1432ರಲ್ಲಿ ಹಡಗೊಡೆದು ರೋಸ್ಟ್ ದ್ವೀಪವನ್ನು ಸೇರಿ, ಅಲ್ಲಿಯ ಬೆಸ್ತರ ಮನೆಗಳಲ್ಲಿ ಆಶ್ರಯ ಪಡೆದು ಈ ಒಣಮೀನಿನ ವರ್ಣನೆಯನ್ನು ಬರೆದಿಟ್ಟನು. ಇಂದು ಇಟಲಿಯ ವಿಚೆಂತ್ಸಾ ನಗರದ ಹೆಮ್ಮೆಯ ಭಕ್ಷ್ಯವು ಇದೇ ಮೀನನ್ನು ದಿನಗಟ್ಟಲೆ ನೆನೆಸಿ, ಈರುಳ್ಳಿ, ಹಾಲು, ಆಲಿವ್ ಎಣ್ಣೆಗಳಲ್ಲಿ ಗಂಟೆಗಟ್ಟಲೆ ಮಂದಾಗ್ನಿಯಲ್ಲಿ ಬೇಯಿಸಿದ್ದು. ನೂರಾರು ಹರದಾರಿ ದೂರದ ಶೀತಸಮುದ್ರದ ಜೀವಿಯೊಂದು ಹೀಗೆ ಒಂದು ಬೆಚ್ಚಗಿನ ಊರಿನ ಸ್ವಂತದ್ದಾಗಿದೆ. ಐಸ್‌ಲೆಂಡಿನವರ ಹಾಕಾರ್ಲ್ ಇನ್ನೂ ವಿಲಕ್ಷಣವಾದುದು. ಗ್ರೀನ್‌ಲೆಂಡ್ ಶಾರ್ಕಿನ ಮಾಂಸ ಹಸಿಯಾಗಿದ್ದಾಗ ವಿಷ. ಅದನ್ನು ವಾರಗಟ್ಟಲೆ ಜಲ್ಲಿಮಣ್ಣಿನಲ್ಲಿ ಹೂತು, ಕಲ್ಲು ಹೇರಿ ರಸ ಬಸಿಯುವಂತೆ ಮಾಡಿ, ಆಮೇಲೆ ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕಿದಾಗ ತಿನ್ನಲು ಯೋಗ್ಯವಾಗುತ್ತದೆ. ಅದರ ಅಮೋನಿಯದ ಘಾಟನ್ನು ಕುರಿತು ಪ್ರವಾಸಿಗಳು ಮೂಗುಮುರಿಯುವುದು ಸಾಮಾನ್ಯ. ಮರವೂ ಪೈರೂ ದುರ್ಲಭವಾದ ದ್ವೀಪವೊಂದು ವಿಷವನ್ನೇ ಪೋಷಣೆಯನ್ನಾಗಿ ತಿರುಗಿಸಿತೆಂಬುದನ್ನು ಅವರು ಗಮನಿಸುವುದಿಲ್ಲ.

ಪೂರ್ವ ಏಷ್ಯದಲ್ಲಿ ಹುಳಿಸುವಿಕೆಯ ಕಲೆ ಪರಾಕಾಷ್ಠೆಗೆ ಹೋಗಿದೆ. ಕೊರಿಯದ ಕಿಮ್ಚಿ ಚಳಿಗಾಲದ ಸೊಪ್ಪುತರಕಾರಿಯ ಅಭಾವಕ್ಕೆ ಉತ್ತರ. ನವೆಂಬರಿನ ಅಂತ್ಯದಲ್ಲಿ ಮನೆಮಂದಿ, ನೆರೆಹೊರೆಯವರು ಒಟ್ಟುಸೇರಿ ಕೋಸು ಮೂಲಂಗಿಗಳಿಗೆ ಉಪ್ಪು ಹಚ್ಚಿ, ಬೆಳ್ಳುಳ್ಳಿ, ಶುಂಠಿ, ಉಪ್ಪಿನಲ್ಲಿ ಮಾಗಿಸಿದ ಸೀಗಡಿ, ಮೆಣಸಿನಕಾಯಿಯ ಪುಡಿಗಳನ್ನು ಪದರಪದರಕ್ಕೆ ತುಂಬಿ, ಒಂಗ್ಗಿ ಎಂಬ ಮಣ್ಣಿನ ಹಂಡೆಗಳಲ್ಲಿಟ್ಟು ನೆಲದಲ್ಲಿ ಹೂಳುತ್ತಿದ್ದರು. ಕಿಮ್ಜಾಂಗ್ ಎಂಬ ಈ ಸಾಮೂಹಿಕ ಕಾರ್ಯವನ್ನು ಯುನೆಸ್ಕೋ ಸಂಸ್ಥೆಯು 2013ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಮನೆಗೆ ಹಂಚಿಕೊಳ್ಳುವ ಪದ್ಧತಿಗೆ ಸಂದ ಮನ್ನಣೆಯಾದುದರಿಂದ ಅದು ಉಚಿತವೇ ಸರಿ. ಜಪಾನಿನ ಬಿವಾ ಸರೋವರದ ತೀರದಲ್ಲಿ ಇಂದಿಗೂ ಮಾಡುವ ಫುನಾಜುಶಿಯು, ಲೋಕವಿಖ್ಯಾತವಾದ ಸುಶಿಯ ಪೂರ್ವಜ. ಗೆಂಡೆ ಜಾತಿಗೆ ಸಮೀಪದ ಸಿಹಿನೀರಿನ ಮೀನನ್ನು ತಿಂಗಳುಗಟ್ಟಲೆ ಉಪ್ಪಿನಲ್ಲಿಟ್ಟು, ಆಮೇಲೆ ಅನ್ನದೊಳಗೆ ಹುದುಗಿಸಿ ಭಾರ ಹೇರಿ ಹುಳಿಬರಿಸುತ್ತಾರೆ. ಮೊದಲಲ್ಲಿ ಅನ್ನವು ಕೇವಲ ಹುಳಿಗೆ ಸಾಧನವಾಗಿದ್ದು, ಮೀನನ್ನು ತಿಂದು ಅನ್ನವನ್ನು ಬಿಸಾಡುತ್ತಿದ್ದರು. ಶತಮಾನಗಳು ಉರುಳಿದಂತೆ ಹುಳಿಸುವ ಅವಧಿ ಕುಗ್ಗಿ, ಅನ್ನಕ್ಕೆ ಪ್ರಾಧಾನ್ಯ ಬಂದು, ಕಡೆಗೆ 19ನೆಯ ಶತಮಾನದ ಆದಿಯ ಎಡೋ ನಗರದ ಅಂಗಡಿಗಳಲ್ಲಿ, ಹುಳಿಗೆ ಬದಲು ವಿನೆಗರ್ ಬೆರೆಸಿದ ಅನ್ನದ ಮೇಲೆ ಮೀನಿನ ಚೂರನ್ನಿಟ್ಟು ಆ ಕ್ಷಣದಲ್ಲಿಯೇ ಕೊಡುವ ರೂಪ ಹುಟ್ಟಿತು.

ಇಥಿಯೋಪಿಯದ ಇಂಜೆರಾ ಕನ್ನಡಿಗರಿಗೆ ಸುಲಭವಾಗಿ ಆಪ್ತವಾಗುವ ಭಕ್ಷ್ಯ. ರಾಗಿಗಿಂತಲೂ ಸಣ್ಣದಾದ ಟೆಫ್ ಎಂಬ ಧಾನ್ಯದ ಹಿಟ್ಟನ್ನು ಕಲಸಿ, ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಎರ್ಶೊ ಎಂಬ ಹಳದಿ ನೀರನ್ನು ಬೆರೆಸಿ, ಎರಡು ಮೂರು ದಿನ ಹುಳಿಬರಿಸಿ, ಮಿತಾದ್ ಎಂಬ ಅಗಲವಾದ ಹೆಂಚಿನ ಮೇಲೆ ಹೊರಗಿನಿಂದ ಒಳಕ್ಕೆ ಸುರುಳಿಯಾಗಿ ಹುಯ್ದು, ಮುಚ್ಚಿ, ಮಗುಚದೆ ಬೇಯಿಸುತ್ತಾರೆ. ಅದು ದೋಸೆಯಂತೆ ಗರಿಗರಿಯಾಗದೆ ಮೆದುವಾಗಿ, ಮೈತುಂಬ ಕಣ್ಣುಬಿಟ್ಟುಕೊಂಡಿರುತ್ತದೆ. ಅದೇ ತಟ್ಟೆಯೂ ಆಗಿ, ಅದರ ಮೇಲೆ ಬಡಿಸಿದ ವಾತ್ ಎಂಬ ಖಾರದ ಗೊಜ್ಜುಗಳನ್ನು ಸುತ್ತ ಕುಳಿತವರೆಲ್ಲರೂ ಬಲಗೈಯಿಂದ ಇಂಜೆರಾವನ್ನು ಮುರಿದು ಅದರೊಡನೆ ಉಣ್ಣುತ್ತಾರೆ. ಪ್ರೀತಿಪಾತ್ರರ ಬಾಯಿಗೆ ತುತ್ತಿಡುವುದು ಅಲ್ಲಿಯ ಸತ್ಕಾರದ ಅಂಗ. ಅಲ್ಲಿಯ ಕ್ರೈಸ್ತರು ಬುಧವಾರ, ಶುಕ್ರವಾರಗಳಲ್ಲಿಯೂ ದೀರ್ಘ ವ್ರತಕಾಲಗಳಲ್ಲಿಯೂ ಮಾಂಸ, ಹಾಲು, ತುಪ್ಪಗಳನ್ನು ವರ್ಜಿಸುವುದರಿಂದ ಕಡಲೆ, ಚನ್ನಂಗಿಬೇಳೆಗಳ ಪಾಕಗಳು ಬಹು ವಿಸ್ತಾರವಾಗಿ ಬೆಳೆದಿವೆ. ಅದೇ ದೇಶದ ದಕ್ಷಿಣದಲ್ಲಿ ಗುರಾಗೆ, ಸಿದಾಮ ಮೊದಲಾದ ಜನರು, ಬಾಳೆಯ ಸಂಬಂಧಿಯಾಗಿದ್ದರೂ ತಿನ್ನುವ ಹಣ್ಣನ್ನು ಕೊಡದ ಎನ್ಸೆಟ್ ಗಿಡದ ದಿಂಡನ್ನೂ ಗೆಡ್ಡೆಯನ್ನೂ ಹೆರೆದು, ಎಲೆ ಹಾಸಿದ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಹೂತು ಹುಳಿಸಿ, ಕೋಚೋ ಎಂಬ ರೊಟ್ಟಿ ಮಾಡುತ್ತಾರೆ. ಸುಮಾರು 2 ಕೋಟಿ ಜನರ ಅನ್ನ ಇದು. ಮಳೆ ತಪ್ಪಿದ ವರ್ಷವೂ ಗಿಡ ನಿಂತಿರುತ್ತದೆ, ಗುಂಡಿಯಲ್ಲಿ ಹಿಟ್ಟು ಇರುತ್ತದೆ.

ನಮ್ಮ ರಾಗಿಯೂ ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದಲೇ ಬಂದುದು. ಕೀನ್ಯ, ಉಗಾಂಡಗಳಲ್ಲಿ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಕೋಲಿನಿಂದ ತೊಳಸಿ ಉಂಡೆಯಾಗಿಸುವ ಕ್ರಮವು ಮೈಸೂರು ಸೀಮೆಯ ಮುದ್ದೆಯನ್ನು ಹೋಲುತ್ತದೆ. ಆದರೆ ನಮ್ಮವರು ಅಗಿಯದೆ ನುಂಗುವ, ಸೊಪ್ಪಿನ ಸಾರಿನೊಡನೆಯೋ ಬಸ್ಸಾರಿನೊಡನೆಯೋ ಉಣ್ಣುವ ಮರ್ಯಾದೆ ಈ ನೆಲದ್ದು.

ಪೆಸಿಫಿಕ್ ದ್ವೀಪಗಳಲ್ಲಿ ಮಡಕೆಯಿಲ್ಲದ ಅಡುಗೆ ಬೆಳೆದಿದೆ. ನೆಲದಲ್ಲಿ ಗುಂಡಿ ತೋಡಿ, ಕಲ್ಲುಗಳನ್ನು ಕೆಂಡದಲ್ಲಿ ಕಾಯಿಸಿ, ಎಲೆಗಳಲ್ಲಿ ಸುತ್ತಿದ ಗೆಡ್ಡೆ, ಮೀನು, ಹಂದಿಮಾಂಸಗಳನ್ನು ಅವುಗಳ ಮೇಲಿಟ್ಟು ಮಣ್ಣು ಮುಚ್ಚುವ ಈ ಒಲೆಗೆ ಹವಾಯಿಯಲ್ಲಿ ಇಮು, ಸಮೋವದಲ್ಲಿ ಉಮು, ನ್ಯೂಜಿಲೆಂಡಿನ ಮಾವೊರಿಗಳಲ್ಲಿ ಹಾಂಗಿ ಎಂದು ಹೆಸರು. ಹವಾಯಿಯ ಪೋಯಿ ಎಂಬುದು ಹೀಗೆ ಬೆಂದ ಕೆಸುವಿನ ಗೆಡ್ಡೆಯನ್ನು ಕುಟ್ಟಿ, ನೀರು ಬೆರೆಸಿ, ಕೆಲವು ದಿನ ಹುಳಿಯಲು ಬಿಟ್ಟ ಮುದ್ದೆ. ಕೆಸುವಿನಲ್ಲಿ ಸೂಜಿಯಂತಹ ಸೂಕ್ಷ್ಮ ಹರಳುಗಳಿದ್ದು ಅರೆಬೆಂದರೆ ಗಂಟಲು ತುರಿಸುತ್ತದೆ. ದೀರ್ಘಕಾಲ ಬೇಯಿಸುವುದೇ ಪರಿಹಾರ. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದ ಪತ್ರೊಡೆ ಮಾಡುವವರು ಅದೇ ಗಿಡದ ಎಲೆಗೆ ಅಕ್ಕಿ, ಮೆಣಸಿನಕಾಯಿ, ಧಾರಾಳ ಹುಣಸೆಹುಳಿಗಳನ್ನು ಅರೆದು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿ ಆ ತುರಿಕೆಯನ್ನು ಗೆಲ್ಲುತ್ತಾರೆ. ಒಂದೇ ಗಿಡ, ಒಂದೇ ಕಷ್ಟ, ಎರಡು ಸಮುದ್ರತೀರಗಳಲ್ಲಿ ಎರಡು ಪರಿಹಾರ.

ಉತ್ತರ ಆಫ್ರಿಕದ ಕುಸ್ಕುಸ್ ವಿಷಯವಾಗಿ ಇಷ್ಟು ಹೇಳಿದರೆ ಸಾಕು: ಗೋದಿಯ ರವೆಯನ್ನು ನೀರು ಚಿಮುಕಿಸುತ್ತ ಅಂಗೈಯಲ್ಲಿ ಹೊರಳಿಸಿ ಸಣ್ಣ ಕಾಳುಗಳನ್ನಾಗಿಸಿ, ಕೆಳಗೆ ತರಕಾರಿ ಮಾಂಸಗಳು ಬೇಯುತ್ತಿರುವ ಪಾತ್ರೆಯ ಹಬೆಯಲ್ಲಿಯೇ ಮೇಲಿನ ಜಾಲರಿಪಾತ್ರೆಯಲ್ಲಿ ಅದನ್ನು ಬೇಯಿಸುವುದರಿಂದ, ಒಂದೇ ಬೆಂಕಿಯಿಂದ ಎರಡು ಕೆಲಸವಾಗುತ್ತದೆ. ಅಲ್ಜೀರಿಯ, ಮಾರಿಟೇನಿಯ, ಮೊರಾಕೊ, ಟ್ಯುನೀಸಿಯ ದೇಶಗಳು ತಮ್ಮ ವೈಮನಸ್ಯಗಳನ್ನು ಬದಿಗಿಟ್ಟು 2020ರಲ್ಲಿ ಇದಕ್ಕೆ ಒಟ್ಟಾಗಿ ಯುನೆಸ್ಕೋ ಮಾನ್ಯತೆಯನ್ನು ಪಡೆದವು.

ಪ್ರಾದೇಶಿಕವೆಂದರೆ ಅನಾದಿಯೆಂದು ತಿಳಿಯಲಾಗದು. ಸೆನೆಗಾಲಿನ ರಾಷ್ಟ್ರೀಯ ಭಕ್ಷ್ಯವಾದ ಚೆಬು ಜೆನ್, ಮೀನಿನೊಡನೆ ಬೇಯಿಸಿದ ನುಚ್ಚಕ್ಕಿಯ ಅನ್ನ. ಫ್ರೆಂಚರ ಆಳ್ವಿಕೆಯಲ್ಲಿ ಅಲ್ಲಿಯ ಹೊಲಗಳೆಲ್ಲ ಶೇಂಗಾ ಬೆಳೆಗೆ ಸಂದುಹೋದಾಗ, ಇಂಡೋಚೀನದ ಗಿರಣಿಗಳಲ್ಲಿ ಉಳಿದ ನುಚ್ಚು ಅಲ್ಲಿಗೆ ಬಂದು ಸಜ್ಜೆಯಂತಹ ದೇಶೀಯ ಧಾನ್ಯಗಳ ಸ್ಥಾನವನ್ನು ಆಕ್ರಮಿಸಿತು. ಸೇಂಟ್ ಲೂಯಿ ನಗರದ ಬೆಸ್ತರ ಕೇರಿಗಳ ಹೆಂಗಸರು ಆ ನುಚ್ಚಿನಿಂದಲೇ ಇಂತಹ ಸೊಗಸಾದ ಪಾಕವನ್ನು ಕಟ್ಟಿಕೊಂಡರೆಂಬುದು ಗೌರವಕ್ಕೆ ಅರ್ಹವಾದ ಸಾಧನೆ. ಮೆಣಸಿನಕಾಯಿ ಪೋರ್ತುಗೀಸರೊಡನೆ 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದುದು; ಬ್ಯಾಡಗಿಯ ಹೆಸರಿನೊಡನೆ ಅದೀಗ ಬೇರ್ಪಡಿಸಲಾಗದಂತೆ ಬೆರೆತಿದೆ. ಇಡ್ಲಿಯ ಕಥೆಯೂ ಅಂತಹದೇ. 10ನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಉದ್ದಿನ ಹಿಟ್ಟಿನಿಂದ ಅದನ್ನು ಮಾಡುವ ಕ್ರಮವಿದೆ. ಅಕ್ಕಿ ಬೆರೆಸುವ, ಇರುಳೆಲ್ಲ ಹುದುಗಿಸುವ ಇಂದಿನ ಕ್ರಮ ಆ ವಿವರಣೆಗಳಲ್ಲಿಲ್ಲ.

ವಿಧಾನದ ಮಹತ್ತ್ವವನ್ನು ಮರಗೆಣಸಿನಷ್ಟು ಕಠೋರವಾಗಿ ಕಲಿಸುವ ಬೆಳೆ ಇನ್ನೊಂದಿರಲಾರದು. ಅಮೆಜಾನ್ ಸೀಮೆಯಿಂದ ಬಂದ ಈ ಗೆಡ್ಡೆಯ ಕಹಿ ಜಾತಿಗಳನ್ನು ಕತ್ತರಿಸಿದಾಗ ಹೈಡ್ರೋಸಯನಿಕ್ ಆಮ್ಲ ಉತ್ಪನ್ನವಾಗುತ್ತದೆ. ಅಲ್ಲಿಯ ಮೂಲನಿವಾಸಿಗಳು ಗೆಡ್ಡೆಯನ್ನು ತುರಿದು, ತಿಪಿಟಿ ಎಂಬ ಹೆಣೆದ ಉದ್ದನೆಯ ಚೀಲಕ್ಕೆ ತುಂಬಿ, ಅದನ್ನು ಜಗ್ಗಿ ರಸ ಹಿಂಡಿ, ಹಿಪ್ಪೆಯನ್ನು ಹುರಿದು ಫರಿನ್ಯವೆಂಬ ಹಿಟ್ಟನ್ನು ಮಾಡುತ್ತಾರೆ. ವಿಷಯುಕ್ತವಾದ ರಸವನ್ನೂ ಚೆಲ್ಲದೆ ದೀರ್ಘಕಾಲ ಕುದಿಸಿ ತುಕುಪಿ ಎಂಬ ಹುಳಿಸಾರನ್ನಾಗಿ ಮಾಡಿ ಬಾತುಕೋಳಿಯ ಮಾಂಸವನ್ನು ಅದರಲ್ಲಿ ಬೇಯಿಸುತ್ತಾರೆ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಎಳೆಬಿದಿರಿನ ಕಳಲೆಯನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಡುವುದು ಇದೇ ಜಾತಿಯ ವಿಷವನ್ನು ಕಳೆಯುವುದಕ್ಕಾಗಿ. ತಿರುವಾಂಕೂರಿನ ವಿಶಾಖಂ ತಿರುನಾಳ್ ಮಹಾರಾಜರು 1880ರ ದಶಕದಲ್ಲಿ ಮರಗೆಣಸಿನ ಕೃಷಿಗೆ ಪ್ರೋತ್ಸಾಹವಿತ್ತರು. ಅಲ್ಲಿಯ ಜನರು ಹೆಚ್ಚಿದ ಗೆಣಸನ್ನು ಕುದಿಸಿ ನೀರನ್ನು ಬಸಿಯುವ ಕ್ರಮವನ್ನು ರೂಢಿಸಿಕೊಂಡು, ಮೀನುಸಾರಿನೊಡನೆ ಉಣ್ಣುತ್ತ ಬಂದಿದ್ದಾರೆ. ಪಶ್ಚಿಮ ಆಫ್ರಿಕದಲ್ಲಿ ತುರಿದ ಗೆಣಸನ್ನು ಚೀಲಗಳಲ್ಲಿ ಹುಳಿಸಿ, ಹಿಂಡಿ, ಹುರಿದು ಗರಿ ಎಂಬ ತರಿಹಿಟ್ಟನ್ನು ಮಾಡುವ ವಿದ್ಯೆಯ ಪ್ರಸಾರಕ್ಕೆ 19ನೆಯ ಶತಮಾನದಲ್ಲಿ ಬ್ರೆಜಿಲಿನಿಂದ ಮರಳಿದ ವಿಮುಕ್ತ ಗುಲಾಮರು ಬಹಳ ಮಟ್ಟಿಗೆ ಕಾರಣರು. ಬೆಳೆಯೊಡನೆ ಮನುಷ್ಯರೂ ಬಂದುದರಿಂದ ಅಲ್ಲಿ ವಿಧಾನವೂ ಬಂದಿತು.

ಹಾಗಲ್ಲದೆಡೆ ಅಥವಾ ಬರಗಾಲದಲ್ಲಿ ಗೆಣಸನ್ನು ನೆನೆಸುವ ದಿನಗಳನ್ನು ಅವಸರಕ್ಕೆ ಮೊಟಕುಗೊಳಿಸಿದೆಡೆ ಕಾಲುಗಳು ಥಟ್ಟನೆ ಶಾಶ್ವತವಾಗಿ ಸ್ವಾಧೀನ ತಪ್ಪುವ ಕೊಂಜೊ ಎಂಬ ರೋಗ ಬಂದೆರಗುತ್ತದೆ. ಬೆಲ್ಜಿಯನ್ ಕಾಂಗೋದಲ್ಲಿದ್ದ ಇಟಲಿಯ ವೈದ್ಯ ಟ್ರೊಲ್ಲಿ 1938ರಲ್ಲಿ ಇದನ್ನು ವರ್ಣಿಸಿದನು. 1981ರ ಬರಗಾಲದಲ್ಲಿ ಮೊಜಾಂಬಿಕಿನ ನಂಪುಲಾ ಪ್ರಾಂತದಲ್ಲಿ ಒಂದು ಸಾವಿರಕ್ಕೂ ಮಿಕ್ಕ ಜನರು, ಬಹುಮಂದಿ ಹೆಂಗಸರು ಮಕ್ಕಳು, ಇದಕ್ಕೆ ತುತ್ತಾದರು. ಆಸ್ಟ್ರೇಲಿಯದ ರಸಾಯನಶಾಸ್ತ್ರಜ್ಞ ಹೋವರ್ಡ್ ಬ್ರಾಡ್ಬರಿ ಅತ್ಯಂತ ಸರಳವಾದ ಕ್ರಮವೊಂದನ್ನು ರೂಪಿಸಿದರು: ಗೆಣಸಿನ ಹಿಟ್ಟಿಗೆ ನೀರು ಬೆರೆಸಿ, ಚಾಪೆಯ ಮೇಲೆ ತೆಳ್ಳಗೆ ಹರವಿ, ಬಿಸಿಲಿನಲ್ಲಿ ಎರಡು ಗಂಟೆ ಅಥವಾ ನೆರಳಿನಲ್ಲಿ ಐದು ಗಂಟೆ ಬಿಟ್ಟರೆ ವಿಷವು ಅನಿಲರೂಪದಲ್ಲಿ ಹೊರಟುಹೋಗುತ್ತದೆ, ಆಮೇಲೆ ಎಂದಿನಂತೆ ಫೂಫೂ ಎಂಬ ಮುದ್ದೆಯನ್ನು ಮಾಡಿಕೊಳ್ಳಬಹುದು. ಕಾಂಗೋದ ಪೊಪೊಕಾಬಾಕಾ ಸೀಮೆಯ ಹಳ್ಳಿಗಳಲ್ಲಿ 2010ರಿಂದ ಹೆಂಗಸರಿಗೆ ಇದನ್ನು ಕಲಿಸಲಾಗಿ, ಅವರು ಒಬ್ಬರಿಂದೊಬ್ಬರಿಗೆ ಹೇಳಿಕೊಟ್ಟು ದಿನದ ಅಡುಗೆಯ ಭಾಗವಾಗಿ ಮಾಡಿಕೊಂಡರು. ಹಾಗೆ ರೂಢಿಗೆ ಬಂದ ಹಳ್ಳಿಗಳಲ್ಲಿ ಕೊಂಜೊದ ಹೊಸ ರೋಗಿಗಳು ಕಾಣುವುದು ನಿಂತಿತು.